ಹಾರ್ಲೆಮ್‌ಗೆ ಹೊರಟವರು 1 ನಂಬರ್ ಟ್ರೇನ್ ಹತ್ತಬೇಡಿ

ಹಾರ್ಲೆಮ್ ಅಂದರೆ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಹೆಸರಾಂತ ಬಡಾವಣೆ. ಅಲ್ಲಿನ ಕಪ್ಪು ಸಲಿಂಗಿಗಳ ಚರಿತ್ರೆಯ ಜಾಡು ಹಿಡಿದು ನಡೆಯಲು ಹೋಗಿದ್ದೆ. ಮೊದಲು ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ಪೆನ್ ಸ್ಟೇಷನ್‌ನಲ್ಲಿ 1, 2, 3 ಮೂರೂ ಕೆಂಪು ಗುರುತಿನ ಟ್ರೇನ್‌ಗಳೇ. ಎಲ್ಲ ಒಂದೇ ಕಡೆಗೆ ಅಲ್ವಾ ಅಂತ 1 ಹತ್ತಿದೆ. ಅದು ಬ್ರಾಡ್‌ವೇ ಹಿಡಿದು ಹೋಗಿ 137ನೇ ಬೀದಿಯಲ್ಲಿ ಇಳಿಸಿತು. ಸೇಂಟ್ ನಿಕೊಲಸ್ ಪಾರ್ಕಿನ ಮೆಟ್ಟಿಲು ಇಳಿದು ನಾನು ಹೋಗಬೇಕಿದ್ದ ಲೆನಾಕ್ಸ್ ಅವೆನ್ಯೂ ಸೇರುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತ್ತು. ನೀವು 2 ಅಥವಾ 3 ಹಿಡಿದು 135ನೇ ಬೀದಿಯಲ್ಲಿ ಇಳಿಯಿರಿ.

ಮೇಲೆ ಬಂದರೆ ಶೋಂಬರ್ಗ್ ಸೆಂಟರ್. ಕಪ್ಪು ಜನರ ಚರಿತ್ರೆಯ ದೊಡ್ಡ ಗ್ರಂಥಾಲಯ, ಪ್ರವೇಶಕ್ಕೆ ದುಡ್ಡಿಲ್ಲ. ಭಾನುವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಒಳಗೆ ನೆಲದಲ್ಲಿ ನದಿಗಳ ಹೆಸರು ಕೂರಿಸಿದ ದೊಡ್ಡ ವೃತ್ತವಿದೆ. ಅದರ ಕೆಳಗಿರುವುದು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಚಿತಾಭಸ್ಮ. ನಾನು ತುಳಿಯಲು ಹೆದರಿ ಅಂಚಿನಲ್ಲೇ ನಿಂತೆ. 1991ರಲ್ಲಿ ಕವಿಗಳಾದ ಮಾಯಾ ಏಂಜೆಲೊ, ಅಮಿರಿ ಬರಾಕ ಇಲ್ಲೇ ಕುಣಿದ ಫೋಟೊ ನೆನಪಾಯಿತು, ಆಮೇಲೆ ಕಾಲಿಟ್ಟೆ. ಹ್ಯೂಸ್ ಸಲಿಂಗಿ ಹೌದೋ ಅಲ್ಲವೋ ಎಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಾರೆ. ಆತ ಮಾತ್ರ ಬಾಯಿ ಬಿಡಲಿಲ್ಲ.

ಹಿಂಬದಿಯ 136ನೇ ಬೀದಿಯಲ್ಲಿ ಈಗ ಲೈಬ್ರರಿ ಇರುವ ಜಾಗದಲ್ಲಿ ಎ'ಲೀಲಿಯಾ ವಾಕರ್ ಎಂಬ ಸಿರಿವಂತೆಯ ಮನೆಯಿತ್ತು. ತಾಯಿ ಕಪ್ಪು ಹೆಂಗಸರ ಕೂದಲಿನ ಆರೈಕೆಯ ಸಾಮಾನು ಮಾರಿ ದುಡಿದ ಹಣ. ಮಗಳು ಅದರಲ್ಲಿ ಪಾರ್ಟಿ ಕೊಟ್ಟಳು. ಸಲಿಂಗಿಗಳು ಅಲ್ಲಿ ಮುಚ್ಚುಮರೆಯಿಲ್ಲದೆ ಬರುತ್ತಿದ್ದರು.

133ನೇ ಬೀದಿಗೆ ನಡೆಯಿರಿ. 1920ರ ದಶಕದಲ್ಲಿ ಗಾಯಕಿ ಗ್ಲ್ಯಾಡಿಸ್ ಬೆಂಟ್ಲಿ ಇಲ್ಲಿನ ಒಂದು ಕ್ಲಬ್ಬಿನಲ್ಲಿ ಗಂಡಸರಂತೆ ಬಿಳಿ ಕೋಟು, ಎತ್ತರದ ಟೋಪಿ ಹಾಕಿ ಪಿಯಾನೊ ನುಡಿಸುತ್ತಿದ್ದಳು. ಜನಪ್ರಿಯ ಹಾಡುಗಳಿಗೆ ಪೋಲಿ ಸಾಲು ಸೇರಿಸಿ, ಮುಂದೆ ಕೂತ ಹೆಂಗಸರ ಜತೆ ಚೆಲ್ಲಾಟವಾಡುತ್ತಿದ್ದಳು. ನೋಡಲು ಬಿಳಿಯರೂ ಬರುತ್ತಿದ್ದರು. ಅದೇ ಹೆಣ್ಣು 1952ರಲ್ಲಿ, ಕಪ್ಪು ಓದುಗರ ಪತ್ರಿಕೆಯೊಂದರಲ್ಲಿ, ಹಾರ್ಮೋನು ಚಿಕಿತ್ಸೆಯಿಂದ ತಾನು ಮತ್ತೆ ಹೆಂಗಸಾದೆ ಎಂದು ಬರೆದಳು. ಮನಸ್ಸಿನಿಂದ ಬಂದ ಮಾತೋ, ಕಾಲದ ಭಯವೋ? ನನಗೆ ಭಯ ಅಂತಲೇ ಅನಿಸುತ್ತದೆ. ಆ ಕ್ಲಬ್ ಈಗ ಇಲ್ಲ, ಸುಮ್ನೆ ಹುಡುಕಬೇಡಿ. ಈ ಕಥೆ ಗೊತ್ತಿಲ್ಲದಿದ್ದರೆ ಅದು ಮತ್ತೊಂದು ಬೀದಿ ಅಷ್ಟೇ. ಓದಿಕೊಂಡು ಹೋಗಿ.

ಕೊನೆಗೆ 130ನೇ ಬೀದಿ. ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯ ಕಚೇರಿ ಇದ್ದದ್ದು ಇಲ್ಲಿ. ಬಸ್ಸಿನಿಂದ ಶೌಚಾಲಯದವರೆಗೆ ಎಲ್ಲ ಹೊಂದಿಸಿದವನು ಬೇಯಾರ್ಡ್ ರಸ್ಟಿನ್. ಸಲಿಂಗಿ ಎಂಬ ಕಾರಣಕ್ಕೆ ನಾಯಕರಿಗೇ ಅಳುಕು, ಹಾಗಾಗಿ ಹೆಸರಿಗೆ ಬರೀ ಉಪನಿರ್ದೇಶಕ. ವೇದಿಕೆಯ ಮುಖ್ಯ ಭಾಷಣಗಳಲ್ಲಿ ಒಂದೂ ಹೆಂಗಸಿಗೆ ಸಿಗಲಿಲ್ಲ.

ವಾಪಸ್ 135ಕ್ಕೆ ಹತ್ತಬೇಕಿಲ್ಲ. ಇನ್ನೈದು ಬೀದಿ ಇಳಿದರೆ 125ರಲ್ಲೂ 2, 3 ನಿಲ್ಲುತ್ತವೆ.