ಡಿಎಸ್‌ಎಚ್ ವ್ಯಾಕರಣಕ್ಕೆ ಏನು ಓದಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಜರ್ಮನ್ ಮಾಧ್ಯಮದಲ್ಲೇ ಓದಬೇಕೆಂದು ಹೊರಟ ಕನ್ನಡದ ವಿದ್ಯಾರ್ಥಿಗಳು ನನಗೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಜರ್ಮನ್ ಕಲಿಕೆಯಲ್ಲಿ ಬಿ2 ಎಂಬ ಮೇಲ್ಮಧ್ಯಮ ಹಂತ ಮುಗಿಸಿದ್ದೇನೆ, ವಿಭಕ್ತಿ, ಕಾಲ, ಕರ್ಮಣಿ ಎಲ್ಲವನ್ನೂ ಓದಿಯಾಗಿದೆ. ಆದರೂ ಡಿಎಸ್‌ಎಚ್‌ನ ಮಾದರಿ ಪ್ರಶ್ನೆಪತ್ರಿಕೆಯ ವ್ಯಾಕರಣ ವಿಭಾಗಕ್ಕೆ ಬಂದರೆ ಕೈ ನಿಲ್ಲುತ್ತದೆ. ಇನ್ನೂ ಯಾವ ಪಟ್ಟಿಯನ್ನು ಬಾಯಿಪಾಠ ಮಾಡಬೇಕು?" ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಬರೆಯುತ್ತಿದ್ದ ಉತ್ತರವನ್ನು ಇಲ್ಲಿ ಒಂದೇ ಕಡೆ ವಿವರವಾಗಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಹೇಳುವುದಾದರೆ, ಹೊಸ ಪಟ್ಟಿ ಯಾವುದೂ ಬೇಡ. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಓದಿದ ಕೃದಂತದ ಪಾಠವನ್ನು ಮತ್ತೊಮ್ಮೆ ತೆರೆದು ನೋಡಿ.

ಪರೀಕ್ಷೆಯ ಸ್ವರೂಪ ತಿಳಿಯದವರಿಗಾಗಿ ಎರಡು ಮಾತು. ಡಿಎಸ್‌ಎಚ್ ಎಂಬುದು ವಿಶ್ವವಿದ್ಯಾಲಯ ಪ್ರವೇಶಕ್ಕಾಗಿ ನಡೆಯುವ ಜರ್ಮನ್ ಭಾಷಾ ಪರೀಕ್ಷೆ. ಸಾಮಾನ್ಯವಾಗಿ ಜರ್ಮನಿಯ ವಿಶ್ವವಿದ್ಯಾಲಯಗಳೇ ತಮ್ಮ ತಮ್ಮ ಪ್ರಶ್ನೆಪತ್ರಿಕೆಯನ್ನು ತಯಾರಿಸಿ ಇದನ್ನು ನಡೆಸುತ್ತವೆ. ಶೇ. 57 ಅಂಕ ಬಂದರೆ ಡಿಎಸ್‌ಎಚ್-1, ಶೇ. 67 ಬಂದರೆ ಡಿಎಸ್‌ಎಚ್-2, ಶೇ. 82 ಬಂದರೆ ಡಿಎಸ್‌ಎಚ್-3. ಬಹುತೇಕ ಕೋರ್ಸುಗಳು ಕೇಳುವುದು ಡಿಎಸ್‌ಎಚ್-2 ಅನ್ನು. ಕೇಳಿ ಗ್ರಹಿಸುವುದು, ಓದಿ ಗ್ರಹಿಸುವುದು, ಶಾಸ್ತ್ರೀಯ (ಅಂದರೆ ವಿದ್ವತ್ತಿನ) ಬರವಣಿಗೆಯ ವಾಕ್ಯರಚನೆಗಳು, ಸ್ವಂತ ಬರವಣಿಗೆ ಎಂದು ಲಿಖಿತ ಪರೀಕ್ಷೆಗೆ ನಾಲ್ಕು ಭಾಗಗಳಿದ್ದು, 2004ರ ಚೌಕಟ್ಟು ನಿಯಮಾವಳಿ ಅವುಗಳಿಗೆ 2:2:1:2 ಎಂಬ ತೂಕ ಕೊಟ್ಟಿತು. ಈ ಅನುಪಾತವನ್ನು ನೋಡಿ "ವ್ಯಾಕರಣಕ್ಕೆ ಏಳರಲ್ಲಿ ಒಂದು ಪಾಲು ತಾನೇ" ಎಂದು ಅದನ್ನು ಬದಿಗಿಡುವವರಿದ್ದಾರೆ. ಆದರೆ ಓದಲು ಕೊಡುವ ಪಠ್ಯ ಬರೆದಿರುವುದೇ ಆ ರಚನೆಗಳಲ್ಲಿ. ಅವುಗಳನ್ನು ಬಿಡಿಸಲಾಗದವರಿಗೆ ಓದಿನ ಭಾಗದಲ್ಲಿಯೂ ಅಂಕ ದಕ್ಕುವುದಿಲ್ಲ. ವಿಶ್ವವಿದ್ಯಾಲಯ ಪ್ರವೇಶಕ್ಕೇ ಇರುವ ಟೆಸ್ಟ್‌ಡಾಫ್ ಎಂಬ ಇನ್ನೊಂದು ಜರ್ಮನ್ ಪರೀಕ್ಷೆಯಲ್ಲಿ ವ್ಯಾಕರಣಕ್ಕೆಂದು ಪ್ರತ್ಯೇಕ ಭಾಗವಿಲ್ಲ ಎಂಬ ಕಾರಣಕ್ಕೆ ಅದನ್ನು ಆರಿಸಿಕೊಳ್ಳುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಈ ಭಾಗದಲ್ಲಿ ಕೇಳುವುದೇನು? ನೀವು ಆಗಷ್ಟೇ ಓದಿದ ಪಠ್ಯದಿಂದಲೇ ವಾಕ್ಯಗಳನ್ನು ಎತ್ತಿ, ಅರ್ಥ ಕೆಡದಂತೆ ಬೇರೆ ರೂಪದಲ್ಲಿ ಬರೆಯಲು ಹೇಳುತ್ತಾರೆ. ಜರ್ಮನ್ ಶಾಸ್ತ್ರೀಯ ಬರಹ ಒಂದು ಇಡೀ ಉಪವಾಕ್ಯವನ್ನು ಮಡಿಸಿ ಒಂದು ನಾಮಪದಕ್ಕಿಂತ ಮೊದಲೇ ಇಟ್ಟುಬಿಡುತ್ತದೆ. ಆ ಮಡಿಕೆಯನ್ನು ಬಿಚ್ಚಬಲ್ಲಿರಾ, ಬಿಚ್ಚಿದ್ದನ್ನು ಮತ್ತೆ ಮಡಿಸಬಲ್ಲಿರಾ ಎಂಬುದೇ ಪರೀಕ್ಷೆ. ಬಿ2 ತರಗತಿಗಳಲ್ಲಿ ಇದರ ಪರಿಚಯ ಆಗಿರುತ್ತದೆಯೇ ಹೊರತು ಕೈ ಪಳಗಿರುವುದಿಲ್ಲ.

ನಾನಿದ್ದ ವಿದ್ಯಾರ್ಥಿ ವಸತಿಗೃಹದ ಅಡುಗೆಮನೆಯಲ್ಲಿ ಒಂದು ಸಂಜೆ ಶಿವಮೊಗ್ಗದ ಕಡೆಯ ಹುಡುಗಿಯೊಬ್ಬಳು ಒಂದೇ ವಾಕ್ಯದ ಮುಂದೆ ಅರ್ಧ ಗಂಟೆಯಿಂದ ಕುಳಿತಿದ್ದಳು. ವಾಕ್ಯದ ಆರಂಭ ಹೀಗಿತ್ತು: "ಡೀ ಫೊನ್ ಡೇನ್ ಫೋರ್ಶರ್ನ್ ಇನ್ ಮೇರೆರೆನ್ ಶ್ಟೇಟೆನ್ ಗೆಜಾಮೆಲ್ಟೆನ್ ಡಾಟೆನ್". ಅವಳು ಕಲಿತದ್ದು ಇಂಗ್ಲಿಷಿನ ಮೂಲಕ. ಹಾಗಾಗಿ ಮೊದಲ "ಡೀ" ಎಂಬ ಆರ್ಟಿಕಲ್ ಕಂಡೊಡನೆ ಅದರ ಪಕ್ಕದಲ್ಲೇ ನಾಮಪದವನ್ನು ಹುಡುಕುತ್ತಿದ್ದಳು, ಅದು ಸಿಗದೆ ದಾರಿ ತಪ್ಪುತ್ತಿದ್ದಳು. "ಅಕ್ಕಾ, ಇದರಲ್ಲಿ ಕರ್ತೃಪದ ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ" ಎಂದಳು. ಮೊದಲ ಪದವನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಇದ್ದ ಕ್ರಮದಲ್ಲೇ ಕನ್ನಡದಲ್ಲಿ ಹೇಳು ಎಂದೆ. ಅವಳು ನಿಧಾನವಾಗಿ ಹೇಳಿದಳು: "ಸಂಶೋಧಕರು... ಹಲವು ನಗರಗಳಲ್ಲಿ... ಸಂಗ್ರಹಿಸಿದ... ಮಾಹಿತಿ." ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಾಗಿರಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

ಇದೇ ಕೃದಂತನಾಮ. ಮಾಡುವ, ಮಾಡಿದ, ಮಾಡದ ಎಂದು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದೆವಲ್ಲ, ಅದು ತನ್ನ ಕರ್ತೃ, ಕರ್ಮ, ಸ್ಥಳ, ಕಾಲ ಎಲ್ಲವನ್ನೂ ಎಡಗಡೆಗೆ ಕಟ್ಟಿಕೊಂಡು ಬಲಗಡೆಯ ನಾಮಪದಕ್ಕೆ ವಿಶೇಷಣವಾಗಿ ನಿಲ್ಲುತ್ತದೆ. ಜರ್ಮನ್ ಭಾಷೆಯ ಪಾರ್ಟಿತ್ಸೀಪ್ ಮಾಡುವ ಕೆಲಸವೂ ಅದೇ. ಇಂಗ್ಲಿಷಿನಲ್ಲಿ ಇಷ್ಟುದ್ದದ ವಿಶೇಷಣವನ್ನು ನಾಮಪದಕ್ಕಿಂತ ಮೊದಲು ಇಡಲು ಬರುವುದಿಲ್ಲವಾದ್ದರಿಂದ ಇಂಗ್ಲಿಷಿನ ಮೂಲಕ ಬರುವವರಿಗೆ ಇದು ಬೆಟ್ಟದಂತೆ ಕಾಣುತ್ತದೆ. ನಮಗೆ ಇದು ದಿನಬಳಕೆಯ ಮಾತು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ಜರ್ಮನ್ ಭಾಷಿಕರಾಗಿದ್ದರು. ಅವರು 1903ರಲ್ಲಿ ಕನ್ನಡದ ವ್ಯಾಕರಣವನ್ನೂ ಬರೆದರು. ನಮ್ಮ ಕೃದಂತ ಅವರಿಗೆ ತಮ್ಮ ಮನೆಮಾತಿನ ಗುರುತಿರುವ ಮುಖದಂತೆಯೇ ಕಂಡಿರಬೇಕು ಎಂದು ನನಗೆ ಅನ್ನಿಸುತ್ತದೆ.

ಆದರೆ ಕನ್ನಡವನ್ನು ನಂಬಿ ಕಣ್ಣು ಮುಚ್ಚಿ ನಡೆಯುವಂತಿಲ್ಲ. ನಮ್ಮವರು ಅಂಕ ಕಳೆದುಕೊಳ್ಳುವುದು ಎಲ್ಲಿ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕನ್ನಡದಲ್ಲಿ "ಓದಿದ ಪುಸ್ತಕ" ಎನ್ನುತ್ತೇವೆ, "ಓದಿದ ಹುಡುಗಿ" ಎನ್ನುತ್ತೇವೆ, "ಓದಿದ ಶಾಲೆ" ಎಂದೂ ಎನ್ನುತ್ತೇವೆ. ಪುಸ್ತಕ ಓದಿಸಿಕೊಂಡದ್ದು, ಹುಡುಗಿ ಓದಿದವಳು, ಶಾಲೆ ಓದು ನಡೆದ ಜಾಗ. ಮೂರು ಬೇರೆ ಬೇರೆ ಸಂಬಂಧಗಳಿಗೆ ಒಂದೇ "ಓದಿದ" ಸಾಕು, ಉಳಿದದ್ದನ್ನು ಕೇಳುವವರು ಊಹಿಸಿಕೊಳ್ಳುತ್ತಾರೆ. ಜರ್ಮನ್ ಈ ಊಹೆಗೆ ಅವಕಾಶ ಕೊಡುವುದಿಲ್ಲ. "ಡಾಸ್ ಗೆಲೇಜೆನೆ ಬೂಖ್" ಎಂದರೆ ಓದಿದ ಪುಸ್ತಕ, ಸರಿ. ಅದೇ ಅಚ್ಚಿನಲ್ಲಿ "ಡಾಸ್ ಗೆಲೇಜೆನೆ ಮೇಟ್ಶೆನ್" ಎಂದು ಬರೆದರೆ ಯಾರೋ ಆ ಹುಡುಗಿಯನ್ನೇ ಓದಿದರು ಎಂದಾಗುತ್ತದೆ. ಸಕರ್ಮಕ ಧಾತುವಿನ ಭೂತ ಪಾರ್ಟಿತ್ಸೀಪ್ ಯಾವಾಗಲೂ ಕರ್ಮಣಿಯ ಅರ್ಥವನ್ನೇ ಕೊಡುತ್ತದೆ. ಓದುತ್ತಿರುವ ಹುಡುಗಿಯನ್ನು "ಡಾಸ್ ಲೇಜೆಂಡೆ ಮೇಟ್ಶೆನ್" ಎನ್ನಬಹುದು. ಓದಿ ಮುಗಿಸಿದ ಹುಡುಗಿಗೆ ಉಪವಾಕ್ಯವೇ ಬೇಕು. "ಏರಿದ ಬೆಲೆ" ಎಂಬಲ್ಲಿ ಮಾತ್ರ ಕಷ್ಟವಿಲ್ಲ, ಏಕೆಂದರೆ ಏರುವುದು ಅಕರ್ಮಕ, ಅದರ ಪೆರ್ಫೆಕ್ಟ್ ಕಾಲ (ಮುಗಿದ ಕ್ರಿಯೆಯನ್ನು ಹೇಳುವ ರೂಪ) "ಜೈನ್" ಎಂಬ ಸಹಾಯಕ ಧಾತುವಿನೊಂದಿಗೆ ಆಗುತ್ತದೆ, ಆದ್ದರಿಂದ "ಡೀ ಗೆಶ್ಟೀಗೆನೆನ್ ಪ್ರೈಜೆ" ಸರಿಯಾಗಿಯೇ ನಿಲ್ಲುತ್ತದೆ.

ಮಡಿಕೆ ಬಿಚ್ಚುವಾಗ ಇದರ ಇನ್ನೊಂದು ಮುಖ ಎದುರಾಗುತ್ತದೆ. ಕೃದಂತವು ನುಂಗಿಕೊಂಡ ಸಂಬಂಧವನ್ನು ಉಪವಾಕ್ಯದಲ್ಲಿ ಸಂಬಂಧವಾಚಕ ಸರ್ವನಾಮ ಬಾಯಿಬಿಟ್ಟು ಹೇಳಬೇಕು, ಜೊತೆಗೆ ಕಾಲವನ್ನೂ ನೀವೇ ನಿರ್ಧರಿಸಬೇಕು. ಮೇಲಿನ ಅಡುಗೆಮನೆಯ ವಾಕ್ಯವನ್ನು ಬಿಚ್ಚಿದರೆ "ಡೀ ಡಾಟೆನ್, ಡೀ ಫೊನ್ ಡೇನ್ ಫೋರ್ಶರ್ನ್ ಇನ್ ಮೇರೆರೆನ್ ಶ್ಟೇಟೆನ್ ಗೆಜಾಮೆಲ್ಟ್ ವುರ್ಡೆನ್" ಎಂದಾಗುತ್ತದೆ. ಕೊನೆಯ "ವುರ್ಡೆನ್" ಎಂಬ ಕರ್ಮಣಿಯ ಸಹಾಯಕ ಕ್ರಿಯಾಪದವನ್ನು ಬರೆಯದೆ ಬಿಟ್ಟವರ ಉತ್ತರಗಳನ್ನು ನಾನು ಬಹಳ ನೋಡಿದ್ದೇನೆ. ಕನ್ನಡದ ಕಿವಿಗೆ "ಸಂಗ್ರಹಿಸಿದ" ಎಂಬಲ್ಲಿಗೇ ಮಾತು ಪೂರ್ಣವಾದಂತೆ ಕೇಳುವುದರಿಂದ ಆಗುವ ತಪ್ಪು ಅದು.

ಎರಡನೆಯದು ಕೃದಂತ ಭಾವನಾಮ: ಓಡು ಓಟವಾಗುವುದು, ಏರು ಏರಿಕೆಯಾಗುವುದು. ಜರ್ಮನ್ ಶಾಸ್ತ್ರೀಯ ಗದ್ಯದ ಅರ್ಧ ಭಾರವನ್ನು ಹೊರುವುದು ಇವೇ ಪದಗಳು. ಇಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಕನ್ನಡ ದಿನಪತ್ರಿಕೆಯ ತಲೆಬರಹ. "ಸಚಿವರಿಂದ ಕಟ್ಟಡದ ಉದ್ಘಾಟನೆ" ಎಂಬ ತಲೆಬರಹವನ್ನು ನಾವೆಲ್ಲ ಸಾವಿರ ಸಲ ಓದಿದ್ದೇವೆ. ಪೂರ್ಣ ವಾಕ್ಯದಲ್ಲಿ ಕರ್ಮವಾಗಿದ್ದ ಕಟ್ಟಡ ಷಷ್ಠಿಗೆ ಹೋಯಿತು, ಕರ್ತೃವಾಗಿದ್ದ ಸಚಿವರು "ಇಂದ" ಪ್ರತ್ಯಯ ಹಿಡಿದರು. ಜರ್ಮನ್ ಹೇಳುವುದೂ ಹೀಗೆಯೇ: "ಡೀ ಐನ್‌ವೈಉಂಗ್ ಡೆಸ್ ಗೆಬೊಯ್ಡೆಸ್ ದುರ್ಶ್ ಡೇನ್ ಮಿನಿಸ್ಟರ್". ಕರ್ಮಣಿ ವಾಕ್ಯದಲ್ಲಿ ಕರ್ತೃವಿಗಿಂತ ಮೊದಲು "ಫೊನ್" ಬರುತ್ತದೆ, ಭಾವನಾಮದ ಜೊತೆ "ದುರ್ಶ್" ಬರಬೇಕು. ನಮಗೆ ಎರಡೂ "ಇಂದ" ಆಗಿರುವುದರಿಂದ ಇದನ್ನು ಪ್ರತ್ಯೇಕವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕ್ರಿಯಾವಿಶೇಷಣ ಗುಣವಾಚಕವಾಗುವುದು, "ಅವನು ಬಂದನು" ಎಂಬುದು "ಅವನ ಬರುವಿಕೆ" ಆಗುವುದು ಎರಡೂ ಭಾಷೆಗಳಲ್ಲಿ ಒಂದೇ.

ಭಾವನಾಮಕ್ಕೆ ಹೊಂದಿಕೊಳ್ಳುವ ಪ್ರಿಪೊಸಿಷನ್ನುಗಳ ವಿಷಯದಲ್ಲಿ ಮಾತ್ರ ಯಾವ ಭಾಷೆಯ ಸಹಾಯವೂ ಇಲ್ಲ. ಆಸಕ್ತಿ ತೋರುವುದು ಎಂಬ ಕ್ರಿಯಾಪದ "ಫ್ಯೂರ್" ಕೇಳುತ್ತದೆ, ಆಸಕ್ತಿ ಎಂಬ ನಾಮಪದ "ಆನ್" ಕೇಳುತ್ತದೆ. "ಕ್ರಿಟಿಸೀರೆನ್" (ಟೀಕಿಸು) ಎಂಬ ಕ್ರಿಯಾಪದಕ್ಕೆ ನೇರ ಕರ್ಮ ಸಾಕು, "ಕ್ರಿಟಿಕ್" ಎಂಬ ನಾಮಪದಕ್ಕೆ "ಆನ್" ಬೇಕು. ಇಂಥವು ಕಣ್ಣಿಗೆ ಬಿದ್ದಾಗಲೆಲ್ಲ ಜೋಡಿಯಾಗಿಯೇ ಬರೆದಿಟ್ಟುಕೊಳ್ಳಿ. ಕಾರಣ ಹೇಳುವ "ವೇಗೆನ್" ಉಪವಾಕ್ಯದಲ್ಲಿ "ವೈಲ್" ಆಗುತ್ತದೆ, "ಆದರೂ" ಎಂಬರ್ಥದ "ಟ್ರೊಟ್ಸ್" ಅಲ್ಲಿ "ಒಪ್‌ವೋಲ್" ಆಗುತ್ತದೆ ಎಂಬ ಕೋಷ್ಟಕ ಎಲ್ಲ ಪುಸ್ತಕಗಳಲ್ಲೂ ಇದೆ, ಒಂದು ವಾರದಲ್ಲಿ ಕೈವಶವಾಗುತ್ತದೆ. ಅದರಲ್ಲಿ ಒಂದರ ಬಗ್ಗೆ ಮಾತ್ರ ನಿಂತು ಹೇಳುತ್ತೇನೆ, ಏಕೆಂದರೆ ನನ್ನ ಸ್ವಂತ ಪರೀಕ್ಷೆಯಲ್ಲಿ ನಾನು ಅಲ್ಲಿ ಅಂಕ ಕಳೆದುಕೊಂಡೆ.

ಪ್ರಶ್ನೆ ಹೆಚ್ಚುಕಡಿಮೆ ಹೀಗಿತ್ತು: "ಹೊಸ ನಿಯಮದ ಜಾರಿಯ ನಂತರ ಅಪಘಾತಗಳ ಸಂಖ್ಯೆ ಇಳಿಯಿತು" ಎಂಬ ಅರ್ಥದ ವಾಕ್ಯ ಕೊಟ್ಟು, ಮೊದಲ ಭಾಗವನ್ನು "ನಾಖ್‌ದೇಮ್" ಎಂಬ ಸಂಯೋಜಕದಿಂದ ಬರೆಯಬೇಕಿತ್ತು. ಕನ್ನಡದಲ್ಲಿ ನಾವು "ಜಾರಿಗೆ ತಂದ ಮೇಲೆ ಇಳಿಯಿತು" ಎನ್ನುತ್ತೇವೆ; "ತಂದ ಮೇಲೆ" ಎಂಬುದರಲ್ಲೇ ಮೊದಲು ಯಾವುದು, ಆಮೇಲೆ ಯಾವುದು ಎಂಬುದು ಸ್ಪಷ್ಟವಾಗುವುದರಿಂದ ಕ್ರಿಯಾಪದದ ಕಾಲ ಬದಲಾಗುವ ಅಗತ್ಯ ಬೀಳುವುದಿಲ್ಲ. ಅದೇ ಧಾಟಿಯಲ್ಲಿ ನಾನು ಎರಡೂ ಕಡೆ ಸಾಮಾನ್ಯ ಭೂತಕಾಲವನ್ನು ಇಟ್ಟು "ಐನ್‌ಗೆಫ್ಯೂರ್ಟ್ ವುರ್ಡೆ" ಎಂದು ಬರೆದೆ. ಪ್ರಧಾನ ವಾಕ್ಯ ಭೂತದಲ್ಲಿದ್ದರೆ "ನಾಖ್‌ದೇಮ್" ಉಪವಾಕ್ಯ ಅದಕ್ಕಿಂತ ಒಂದು ಮೆಟ್ಟಿಲು ಹಿಂದೆ ಹೋಗಬೇಕು: "ಐನ್‌ಗೆಫ್ಯೂರ್ಟ್ ವೋರ್ಡೆನ್ ವಾರ್". ಪ್ರಧಾನ ವಾಕ್ಯ ವರ್ತಮಾನದಲ್ಲಿದ್ದರೆ ಉಪವಾಕ್ಯ ಪೆರ್ಫೆಕ್ಟ್‌ನಲ್ಲಿರಬೇಕು. ಅಂದಿನಿಂದ ಆ ಪದ ಕಂಡಾಗಲೆಲ್ಲ ಮೊದಲು ಪ್ರಧಾನ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆದು, ಆಮೇಲೆ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಕರ್ಮಣಿಗೆ ಬದಲಾಗಿ ಬರುವ ರಚನೆಗಳಿಗೆ ಹೆದರುವವರು ನಮ್ಮ ಸರ್ಕಾರಿ ಸುತ್ತೋಲೆಯನ್ನು ನೆನಪಿಸಿಕೊಳ್ಳಲಿ. "ಶುಲ್ಕವನ್ನು ಶುಕ್ರವಾರದೊಳಗೆ ಪಾವತಿಸತಕ್ಕದ್ದು" ಎಂಬಲ್ಲಿನ "ತಕ್ಕದ್ದು" ಜರ್ಮನ್‌ನಲ್ಲಿ "ಜೈನ್" ಧಾತು ಮತ್ತು "ತ್ಸು" ಸೇರಿ ಆಗುವ ರಚನೆಗೆ ಸರಿಸಮ: "ಡೀ ರೆಶ್ನುಂಗ್ ಇಸ್ಟ್ ಬಿಸ್ ಫ್ರೈಟಾಗ್ ತ್ಸು ಬೆತ್ಸಾಲೆನ್", ಅಂದರೆ ಬಿಲ್ಲನ್ನು ಶುಕ್ರವಾರದೊಳಗೆ ಪಾವತಿಸಬೇಕು. ಇದನ್ನೇ ಮಡಿಸಿದರೆ "ಶುಕ್ರವಾರದೊಳಗೆ ಪಾವತಿಸಬೇಕಾದ ಬಿಲ್ಲು" ಆಗುತ್ತದೆ, ಜರ್ಮನ್‌ನಲ್ಲೂ ಪದಗಳ ಕ್ರಮ ಹಾಗೆಯೇ ಉಳಿಯುತ್ತದೆ. ಎಚ್ಚರ ಬೇಕಾದದ್ದು ಒಂದೇ ಕಡೆ: ಈ ರಚನೆ ಕೆಲವೊಮ್ಮೆ "ಬೇಕು" ಎಂಬುದನ್ನೂ ಕೆಲವೊಮ್ಮೆ "ಸಾಧ್ಯ" ಎಂಬುದನ್ನೂ ಹೇಳುತ್ತದೆ. "ಡೀ ಶ್ರಿಫ್ಟ್ ಇಸ್ಟ್ ಕೌಮ್ ತ್ಸು ಲೇಜೆನ್" ಎಂದರೆ ಅಕ್ಷರವನ್ನು ಓದುವುದೇ ಕಷ್ಟ ಎಂದರ್ಥ. ವಾಕ್ಯದಲ್ಲಿ "ಕೌಮ್" (ಕಷ್ಟದಿಂದ), "ನಿಶ್ಟ್" (ಇಲ್ಲ), "ಲೈಶ್ಟ್" (ಸುಲಭವಾಗಿ) ಇಂಥ ಪದಗಳಿದ್ದರೆ ಹೆಚ್ಚಾಗಿ ಸಾಧ್ಯತೆಯ ಅರ್ಥ. ಅಲ್ಲಿ "ಸಾಧ್ಯ" ಎಂಬರ್ಥದ "ಕ್ಯೋನೆನ್" ಬಳಸಿ ಬಿಡಿಸಬೇಕು.

ನನಗೆ ಬಹಳ ಪ್ರೀತಿಯದೆಂದರೆ "ಅಂತೆ". ಕೇಳಿದ ಸುದ್ದಿಗೆ ತಾನು ಹೊಣೆಯಲ್ಲ ಎಂದು ಸೂಚಿಸಲು ಕನ್ನಡಿಗರಿಗೆ ಎರಡಕ್ಷರ ಸಾಕು: "ಬಾಡಿಗೆ ಏರಿದೆಯಂತೆ". ಜರ್ಮನ್ ಅದನ್ನು "ಜೋಲೆನ್" ಎಂಬ ಸಹಾಯಕ ಕ್ರಿಯಾಪದದಿಂದ ಹೇಳುತ್ತದೆ: "ಡೀ ಮೀಟೆನ್ ಜೋಲೆನ್ ಗೆಶ್ಟೀಗೆನ್ ಜೈನ್". ಇಲ್ಲಿ "ಜೋಲೆನ್" ಅನ್ನು "ಏರಿರಬೇಕು" ಎಂದು ಓದಿದವರು ಪಠ್ಯದ ಅರ್ಥವನ್ನೇ ತಪ್ಪಾಗಿ ಹಿಡಿದಂತಾಗುತ್ತದೆ. "ವೋಲೆನ್" ಬಂದರೆ ಆಸಾಮಿ ತನ್ನ ಬಗ್ಗೆ ತಾನೇ ಹಾಗೆ ಹೇಳಿಕೊಳ್ಳುತ್ತಿದ್ದಾನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದರ್ಥ. ಪರೋಕ್ಷ ಕಥನಕ್ಕೆ ಬಳಸುವ ಕೊನ್‌ಯುಂಕ್ಟಿವ್ ರೂಪವೂ ಇದೇ ಕುಟುಂಬದ್ದು. ಅದರ ಮೊದಲ ರೂಪ ಸಾಮಾನ್ಯ ವರ್ತಮಾನದಂತೆಯೇ ಕಾಣುವಲ್ಲಿ ಎರಡನೆಯ ರೂಪವನ್ನು ಬಳಸಬೇಕು ಎಂಬ ನಿಯಮವೊಂದನ್ನು ನೆನಪಿಟ್ಟರೆ ಆ ಅಧ್ಯಾಯ ಮುಗಿಯಿತು.

ಆರ್ಟಿಕಲ್ ಮತ್ತು ಲಿಂಗದ ವಿಷಯದಲ್ಲಿ ಕನ್ನಡ ನಿಮ್ಮ ಕೈ ಹಿಡಿಯುವುದಿಲ್ಲ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಅಲ್ಲಿ ಹೆಚ್ಚಾಗಿ ಪದದ ರೂಪವನ್ನು. "ಉಂಗ್" ಎಂದು ಮುಗಿಯುವ ಭಾವನಾಮ ಸ್ತ್ರೀಲಿಂಗ, ಧಾತುವನ್ನು ಹಾಗೆಯೇ ನಾಮಪದ ಮಾಡಿದರೆ ನಪುಂಸಕ. ಉಳಿದದ್ದನ್ನು ಪದದ ಜೊತೆಗೇ ಕಲಿಯಬೇಕು.

ಅಭ್ಯಾಸ ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ದಿನಕ್ಕೆ ಐದು ವಾಕ್ಯ ಸಾಕು, ಆದರೆ ಅವು ವ್ಯಾಕರಣ ಪುಸ್ತಕದ ಬಿಡಿ ವಾಕ್ಯಗಳಾಗಿರದೆ ಜರ್ಮನ್ ಪತ್ರಿಕೆಯ ವಿಜ್ಞಾನ ಅಂಕಣದ ಒಂದೇ ಲೇಖನದವಾಗಿರಲಿ. ಮೊದಲು ವಾಕ್ಯವನ್ನು ಅದೇ ಕ್ರಮದಲ್ಲಿ ಕನ್ನಡಕ್ಕೆ ತನ್ನಿ, ಇಂಗ್ಲಿಷಿನ ಹಾದಿ ಹಿಡಿಯಬೇಡಿ. ಆಮೇಲೆ ಜರ್ಮನ್‌ನಲ್ಲಿ ಬಿಚ್ಚಿ ಬರೆಯಿರಿ. ಮರುದಿನ, ಮೂಲವನ್ನು ನೋಡದೆ, ನೀವು ಬಿಚ್ಚಿ ಬರೆದದ್ದನ್ನೇ ಮತ್ತೆ ಮಡಿಸಿ, ಮೂಲದ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದ ಜಾಗದಲ್ಲೇ ನೀವು ಕಲಿಯಬೇಕಾದದ್ದು ಇರುತ್ತದೆ. ಶಿವಮೊಗ್ಗದ ಹುಡುಗಿ ಹೀಗೆ ಎರಡೂವರೆ ತಿಂಗಳು ಮಾಡಿದಳು; ಅವಳ ನೋಟುಪುಸ್ತಕದಲ್ಲಿ ಎಡಗಡೆ ಜರ್ಮನ್, ಬಲಗಡೆ ಕನ್ನಡ, ನಡುವೆ ಕೆಂಪು ಶಾಯಿಯಲ್ಲಿ ಸಂಬಂಧವಾಚಕ ಸರ್ವನಾಮ ಮಾತ್ರ ಇರುತ್ತಿತ್ತು.

ಪರೀಕ್ಷೆಯ ದಿನ ಓದಿನ ಭಾಗಕ್ಕೂ ರಚನೆಗಳ ಭಾಗಕ್ಕೂ ಸೇರಿ ಒಟ್ಟು 90 ನಿಮಿಷ ಸಿಗುತ್ತದೆ. ರಚನೆಗಳಿಗೆ ಅರ್ಧ ಗಂಟೆಯನ್ನು ಮೊದಲೇ ತೆಗೆದಿಡಿ. ಅದರ ಕೊನೆಯ ಐದು ನಿಮಿಷಗಳಲ್ಲಿ ಬರೆದ ಪ್ರತಿ ಉಪವಾಕ್ಯದ ಬಾಲವನ್ನು ಮಾತ್ರ ನೋಡುತ್ತಾ ಹೋಗಿ: ಕ್ರಿಯಾಪದ ಕೊನೆಗೆ ಬಂದಿದೆಯೇ, ಅದರ ವಚನ ಕರ್ತೃವಿಗೆ ಹೊಂದುತ್ತದೆಯೇ, "ವುರ್ಡೆ", "ವುರ್ಡೆನ್" ಬಿಟ್ಟುಹೋಗಿಲ್ಲವೇ ಎಂದು.