ಭಾನುವಾರದ ಊಟ: ಒಂಬತ್ತು ವಾರ ಆಯಿತು

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಿಂದ ನಡೆದೇ ಬರುವಷ್ಟು ದೂರದಲ್ಲಿ ನಮ್ಮ ಪುಟ್ಟ ಚರ್ಚ್ ಇದೆ. ಭಾನುವಾರ ಸೇರುವವರು ಹೆಚ್ಚೆಂದರೆ ನಲವತ್ತು ಜನ. ಕ್ಯಾನ್ಸರ್ ಚಿಕಿತ್ಸೆಗೆ ರಾಯಚೂರು, ಕಲಬುರಗಿ, ಕೊಪ್ಪಳ ಕಡೆಯಿಂದ ಬಂದು ವಾರಗಟ್ಟಲೆ ಇಲ್ಲೇ ಉಳಿಯುವವರಿಗೆ, ಆರಾಧನೆ ಮುಗಿದ ಮೇಲೆ ಊಟ ಹಾಕೋಣ ಅಂತ ಶುರು ಮಾಡಿದೆವು. ಅಡುಗೆ ನನ್ನದು, ಲೆಕ್ಕ ಬರೆದಿಡುವುದೂ ನನ್ನದೇ.

1ರಿಂದ 3ನೇ ವಾರ: ಪೊಟ್ಟಣ ಕಟ್ಟಿ ಕೊಟ್ಟೆವು. 60 ಪೊಟ್ಟಣ ಅರ್ಧ ಗಂಟೆಯಲ್ಲಿ ಖಾಲಿ. ತೆಗೆದುಕೊಂಡವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಾಗಲಿಲ್ಲ.

4ನೇ ವಾರ: ಚಾಪೆ ಹಾಸಿ ಪಂಕ್ತಿಯಲ್ಲಿ ಕೂರಿಸಿದೆವು. ಬಿಸಿಬೇಳೆಬಾತ್ ಮಾಡಿದ್ದು ಸರಿಹೋಗಲಿಲ್ಲ. ಆರಾಧನೆ ಮುಗಿಯುವಷ್ಟರಲ್ಲಿ ಗಟ್ಟಿಯಾಗಿಬಿಟ್ಟಿತ್ತು. ಈಗ ಅನ್ನ, ಬೇಳೆ ಸಾರು, ಒಂದು ಪಲ್ಯ, ಹಪ್ಪಳ. 6 ಕಿಲೋ ಸೋನಾ ಮಸೂರಿ, 2 ಕಿಲೋ ತೊಗರಿಬೇಳೆ. ಕೀಮೋ ಆದ ಹಲವರ ಬಾಯಿ ಹುಣ್ಣಾಗಿರುತ್ತದೆ, ಖಾರ ತಡೆಯುವುದಿಲ್ಲ. ಅವರಿಗೆ ಒಂದು ಸಣ್ಣ ಪಾತ್ರೆಯಲ್ಲಿ ಗಂಜಿ ಬೇರೆ ಇಡುತ್ತೇವೆ. ಹೊರಗಿನ ಊಟಕ್ಕೆ ಡಾಕ್ಟರ್ ಒಪ್ಪಿದ್ದಾರಾ ಅಂತ ಮೊದಲೇ ಕೇಳುತ್ತೇವೆ.

5ನೇ ವಾರ: ಕೊನೇ ಪಂಕ್ತಿಗೆ ಸಾರು ಸಾಲಲಿಲ್ಲ. ಒಬ್ಬ ಅಜ್ಜಿ ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ತಿಂದು ಎದ್ದು ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಭಾನುವಾರ ನಮ್ಮ ಪಾಸ್ಟರ್ ಅಯ್ಯನವರು ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ಓದಿದರು. ಯೇಸುವಿನ ಶಿಷ್ಯರ ಮೊದಲ ಸಭೆಯಲ್ಲೂ ದಿನದ ಊಟದ ಹಂಚಿಕೆಯಲ್ಲಿ ಕೆಲವು ವಿಧವೆಯರು ಬಿಟ್ಟುಹೋಗಿದ್ದರು, ದೂರು ಬಂತು, ಅದನ್ನು ನೋಡಿಕೊಳ್ಳಲು ಸ್ತೆಫನ ಸೇರಿ ಏಳು ಜನರನ್ನು ಆರಿಸಿ, ಪ್ರಾರ್ಥಿಸಿ, ನೇಮಕದ ಗುರುತಾಗಿ ಅವರ ಮೇಲೆ ಕೈಯಿಟ್ಟರು. ಬಡಿಸುವ ಕೆಲಸಕ್ಕೆ! ಈ ಭಾಗವನ್ನು ಎಷ್ಟು ಸಲ ಕೇಳಿದ್ದೆನೋ, ಸೌಟು ಹಿಡಿದ ಮೇಲೇ ಒಳಗೆ ಇಳಿದದ್ದು. ಈಗ ಜನರನ್ನು ಎಣಿಸಿದ ಮೇಲೆಯೇ ಬಡಿಸುತ್ತೇವೆ, ಒಂದು ಕೊಳಗ ಸಾರು ಎತ್ತಿಟ್ಟಿರುತ್ತೇವೆ.

7ನೇ ವಾರ: ಇದನ್ನು ಬರೆಯಲೆಂದೇ ಇವತ್ತು ಕೂತಿದ್ದೇನೆ. ಅಲ್ಲಿಯವರೆಗೆ ನಾವು ನಿಂತು ಬಡಿಸಿ, ಆಮೇಲೆ ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದೆವು. ರಾಯಚೂರು ಕಡೆಯ ಒಬ್ಬ ಅಕ್ಕ ನನ್ನ ಸೆರಗು ಹಿಡಿದು, "ನೀವು ಉಣ್ಣಂಗಿಲ್ಲೇನ್ರಿ? ಬರ್ರಿ, ಕುಂದರ್ರಿ" ಅಂದರು. ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟರು. ಹಪ್ಪಳ ಮುಗಿದಿತ್ತು. ತಮ್ಮ ತಟ್ಟೆಯದನ್ನೇ ಮುರಿದು ಅರ್ಧ ನನಗೆ ಹಾಕಿದರು. ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನದಲ್ಲಿ ಚಿಕ್ಕಂದಿನಿಂದ ರೊಟ್ಟಿಗೆ ಕೈಯೊಡ್ಡಿದ್ದೇನೆ. ಆ ಹಪ್ಪಳದ ಚೂರು ಹಿಡಿದು ಕೂತಾಗ, ಬೆಳಗಿನ ಆರಾಧನೆ ಇನ್ನೂ ನಡೀತಾನೇ ಇದೆ ಅನಿಸಿತು. ಅವರು ಕ್ರೈಸ್ತರೋ ಅಲ್ಲವೋ, ನಾನು ಕೇಳಲೂ ಇಲ್ಲ. ನಾವು ಯಾರಿಗೂ ಬೋಧನೆ ಮಾಡುವುದಿಲ್ಲ. ಪ್ರಾರ್ಥನೆ ಬೇಕು ಅಂದವರ ಜೊತೆ ಪ್ರಾರ್ಥಿಸುತ್ತೇವೆ, ಅಷ್ಟೇ. ಅವತ್ತಿನಿಂದ ಬಡಿಸುವವರೂ ಪಂಕ್ತಿಯಲ್ಲೇ ಕೂರುತ್ತೇವೆ. ಊಟಕ್ಕೆ ಬಂದವರ ಹೆಣ್ಣುಮಕ್ಕಳ ಮದುವೆ, ಹೊಲದ ತೊಗರಿ, ಸ್ಕ್ಯಾನ್ ರಿಪೋರ್ಟ್ ಎಲ್ಲ ಆಗಲೇ ಗೊತ್ತಾಗಿದ್ದು.

9ನೇ ವಾರ, ಇವತ್ತು: ಅದೇ ಅಕ್ಕ ಬೆಳಿಗ್ಗೆಯೇ ಬಂದು ಜೋಳದ ರೊಟ್ಟಿ ತಟ್ಟುವುದನ್ನು ಕಲಿಸಿದರು. ಹಿಟ್ಟಿಗೆ ಕುದಿಯುವ ನೀರು, ಬಿಸಿ ಇರುವಾಗಲೇ ನಾದಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ಒದ್ದೆ ಬಟ್ಟೆ ಸವರಬೇಕು, ಆ ನೀರು ಆರಿದಾಗ ತಿರುವಬೇಕು. ನನ್ನವು ಅಂಚಿನಲ್ಲಿ ಒಡೆದವು. "ಹಿಟ್ಟು ಆರಿಬಿಟ್ಟೈತಿ" ಅಂದರು.

ಶುಕ್ರವಾರ ಅವರ ಯಜಮಾನರ ರೇಡಿಯೇಷನ್ ಮುಗಿಯುತ್ತದೆ, ಊರಿಗೆ ಹೊರಡುತ್ತಾರೆ. ಮುಂದಿನ ಭಾನುವಾರ ನಾನೇ ತಟ್ಟಬೇಕು. 5 ಕಿಲೋ ಜೋಳದ ಹಿಟ್ಟು ತರಬೇಕು, ಇನ್ನೊಂದು ಕಬ್ಬಿಣದ ಹಂಚೂ ಬೇಕು.