ಪಡುಬಿದ್ರಿಯಲ್ಲಿ ನಿಂತ ಲಾರಿ

ಹೆದ್ದಾರಿ 66ರಲ್ಲಿ ಕಾರಿನಲ್ಲಿ ಹೋದರೆ ಕಾಣುವುದು ಡಿವೈಡರ್, ಕಾಂಪೌಂಡ್ ಗೋಡೆ, ಮುಂದಿನ ಗಾಡಿಯ ಬೆನ್ನು, ಅಷ್ಟೇ. ಲಾರಿಯ ಕ್ಯಾಬಿನ್ ಹತ್ತಿ ಕೂತರೆ ಅದೇ ರಸ್ತೆ ಬೇರೆ. ಗೋಡೆಯಾಚೆಯ ಅಂಗಳ, ಬಾವಿಕಟ್ಟೆ, ಒಣಗಲು ಹಾಕಿದ ತೆಂಗಿನಕಾಯಿ, ಎಲ್ಲ ಕಾಣುತ್ತದೆ. ಮಂಗಳೂರಿನಿಂದ ಕುಮಟಾಕ್ಕೆ ಭಾವನ ಲಾರಿಯಲ್ಲಿ ಹೋಗುವ ಆಸೆ ಹುಟ್ಟಿದ್ದು ಇದಕ್ಕೇ. ಭಾವ ಬೇಡ ಅನ್ನಲಿಲ್ಲ. "ಸೊಂಟ ನೋವು ಅಂತ ನಂತರ ಹೇಳ್ಬೇಡ" ಎಂದರು, ಅಷ್ಟೇ.

ಮೇ ತಿಂಗಳ ಕೊನೆ. ಲೋಡ್ ಹೆಂಚು. ಕುಮಟಾದ ಹತ್ತಿರ ಯಾರೋ ಹಳೇ ಮನೆಯ ಮಾಡು ಬಿಚ್ಚಿ ಕೂತಿದ್ದರು. ಮಳೆ ಬೀಳುವುದರೊಳಗೆ ಹೊದಿಸಬೇಕಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಶುರುಮಾಡಿದ ಹೆಂಚಿನ ಕೆಲಸ ಮಂಗಳೂರಿನಲ್ಲಿ ಈಗ ತುಂಬ ಕಡಿಮೆಯಾಗಿದೆ. ಆದರೆ ಮಳೆಗಾಲದ ಮುಂಚೆ ಹೆಂಚಿಗೆ ಪರದಾಡುವವರು ಈಗಲೂ ಇದ್ದಾರೆ.

ಕೂಳೂರು ಸೇತುವೆ ದಾಟಿ ಪಣಂಬೂರಿನಲ್ಲಿ ಬಂದರಿನ ಲಾರಿಗಳ ಸಾಲಿನ ಹಿಂದೆ ತೆವಳಿದೆವು. ಸುರತ್ಕಲ್ ಕಳೆದ ಮೇಲೆ ರಸ್ತೆ ಸಿಕ್ಕಿತು. ಮೂಲ್ಕಿಯಲ್ಲಿ ಭಾವ ಬಪ್ಪನಾಡು ದೇವಸ್ಥಾನದ ಕಡೆ ತಿರುಗಿ ಒಂದು ಕೈಯಲ್ಲೇ ನಮಸ್ಕಾರ ಹಾಕಿದರು. ಶಾಂಭವಿ ಹೊಳೆ ದಾಟಿದರೆ ಉಡುಪಿ ಜಿಲ್ಲೆ. ಹೆಜಮಾಡಿಯಲ್ಲಿ ಟೋಲ್. ಅದನ್ನೂ ದಾಟಿ ಪಡುಬಿದ್ರಿ ಹತ್ತಿರ ಬರುತ್ತಿದ್ದ ಹಾಗೆ, ಸಪಾಟು ರಸ್ತೆಯಲ್ಲಿ, ಅರ್ಜೆಂಟಿಲ್ಲದ ಸ್ಪೀಡಿನಲ್ಲಿ, ಕಾಲಬುಡದಿಂದ ಢಣ್ ಎಂದು ಒಂದು ಸದ್ದು ಬಂತು.

ಅದರ ಹಿಂದೆಯೇ ತಾಮ್ರದ ಹಂಡೆಯೊಳಗೆ ಸುತ್ತಿಗೆ ಬಿಟ್ಟು ಅಲುಗಾಡಿಸಿದ ಹಾಗೆ ಟಕ ಟಕ ಟಕ. ಭಾವ ಒಂದು ಮಾತೂ ಆಡಲಿಲ್ಲ. ಕ್ಲಚ್ ಒತ್ತಿದರು, ಇಂಜಿನ್ ನಿಲ್ಲಿಸುವ ವೈರು ಎಳೆದರು, ಇದ್ದ ಓಟದಲ್ಲೇ ಲಾರಿಯನ್ನು ಬದಿಗೆ ತಂದು ನಿಲ್ಲಿಸಿದರು. ಎಲ್ಲ ಸೇರಿ ಕೆಲವೇ ಸೆಕೆಂಡು. ಲಾರಿ ಉಳಿದದ್ದು ಅದರಿಂದಲೇ ಎಂದು ಆಮೇಲೆ ಗ್ಯಾರೇಜಿನ ಮೇಸ್ತ್ರಿ ಹೇಳಿದರು. ಗ್ಯಾರೇಜು ಹತ್ತಿರವೇ ಉಂಟು, ನಿಧಾನಕ್ಕೆ ಓಡಿಸಿಕೊಂಡೇ ಹೋಗುವ ಎಂದು ಹೊರಟವರ ಇಂಜಿನ್ನಿನಲ್ಲಿ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆ ಒಡೆದು ಹೊರಗೆ ಬಂದದ್ದನ್ನು ಅವರು ಬೇಕಾದಷ್ಟು ನೋಡಿದ್ದಾರಂತೆ.

ಬದಿಯ ಅಂಗಡಿಯವರು ಬಂದು "ದಾದ ಆಂಡ್?" ಎಂದು ವಿಚಾರಿಸಿದರು. ತುಳುವಿನಲ್ಲಿ ಎರಡು ಮಾತಾದ ಮೇಲೆ ಒಂದು ಗ್ಯಾರೇಜಿನ ದಾರಿ ಗೊತ್ತಾಯಿತು, ಎಳೆದುಕೊಂಡು ಹೋಗಲು ಇನ್ನೊಂದು ಲಾರಿಯೂ ಸಿಕ್ಕಿತು. ಕರಾವಳಿಯಲ್ಲಿ ಗಾಡಿ ಕೆಟ್ಟರೆ ಮೊದಲು ಜನ ಸೇರುತ್ತಾರೆ, ಆಮೇಲೆ ಸಹಾಯ. ಮಧ್ಯದಲ್ಲಿ ಎಲ್ಲರದ್ದೂ ಒಂದೊಂದು ಅಭಿಪ್ರಾಯ. ಬೇರಿಂಗ್ ಹೋಗಿದೆ ಎಂದರು ಒಬ್ಬರು. ಪಂಪು ಎಂದರು ಇನ್ನೊಬ್ಬರು. ಭಾವನ ಲೆಕ್ಕವೂ ಬೇರಿಂಗ್ ಎಂದೇ ಇತ್ತು.

ಹೆಂಚನ್ನು ಕಾಯಿಸುವ ಹಾಗಿರಲಿಲ್ಲ. ಗ್ಯಾರೇಜಿನ ಅಂಗಳದಲ್ಲೇ ಬೇರೆ ಲಾರಿಗೆ ದಾಟಿಸಿದೆವು. ಒಬ್ಬರ ಕೈಯಿಂದ ಒಬ್ಬರ ಕೈಗೆ, ಬೇಗ ಬೇಗ, ಆದರೆ ತಟ್ಟದ ಹಾಗೆ. ಕೈಯೆಲ್ಲ ಕೆಂಪು. ಲೋಡ್ ಕುಮಟಾಕ್ಕೆ ಹೋಯಿತು, ನಾವು ಪಡುಬಿದ್ರಿಯಲ್ಲಿ ಉಳಿದೆವು.

ಮೇಸ್ತ್ರಿ ಕಡಿಮೆ ಮಾತಿನವರು. ಇದು ಆರು ಸಿಲಿಂಡರಿನ ಹಳೇ ಇಂಜಿನ್. ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಭಾಗಕ್ಕೆ ಹೆಡ್ಡು ಎನ್ನುತ್ತಾರೆ. ಇದರಲ್ಲಿ ಮೂರು ಸಿಲಿಂಡರಿಗೆ ಒಂದರ ಹಾಗೆ ಎರಡು ಹೆಡ್ಡು. ಮೇಲಿನ ಮುಚ್ಚಳ ತೆಗೆದು ಕೈಯಾಡಿಸಿದಾಗಲೇ ನಾಲ್ಕನೇ ಸಿಲಿಂಡರಿನಲ್ಲಿ ವಾಲ್ವು ತೆರೆಯಲು ತಳ್ಳುವ ಸರಳು, ಪುಶ್ ರಾಡ್, ಒಂದು ಬಗ್ಗಿರುವುದು ಸಿಕ್ಕಿತು. "ಬೇರಿಂಗ್ ಅಲ್ಲ ಮಾರ್ರೆ. ಹೆಡ್ಡು ಬಿಚ್ಚುವ" ಎಂದರು.

ಹಿಂದಿನ ಹೆಡ್ಡು ಎತ್ತಿದ ಮೇಲೆ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿನ ತಲೆ ಕತ್ತಿನಲ್ಲಿ ಮುರಿದು, ಅಡ್ಡ ತಿರುಗಿ, ಪಿಸ್ಟನ್ನಿನ ನೆತ್ತಿಯಲ್ಲಿ ನೆಟ್ಟು ಕೂತಿತ್ತು. ಪಿಸ್ಟನ್ ಮೇಲೆ ಬಂದಾಗಲೆಲ್ಲ ಅದು ಹೆಡ್ಡಿಗೆ ಗುದ್ದಿದೆ. ಸುತ್ತಲಿನ ಅಲ್ಯೂಮಿನಿಯಂ ಪುಡಿಪುಡಿ. ಪಿಸ್ಟನ್ ಓಡಾಡುವ ಕೊಳವೆಯ, ಅಂದರೆ ಲೈನರಿನ, ಗೋಡೆಗೆ ಉಗುರು ಸಿಕ್ಕುವಷ್ಟು ಆಳದ ಗೀರು.

ಯಾರಾದರೂ ಇಲ್ಲಿಗೆ ನಿಲ್ಲಿಸಿ, ಪಾರ್ಟ್ಸಿನ ಪಟ್ಟಿ ಬರೆದುಕೊಡುತ್ತಿದ್ದರು. ಇವರು ನಿಲ್ಲಿಸಲಿಲ್ಲ. ಮುಂದಿನ ಹೆಡ್ಡನ್ನೂ ಬಿಚ್ಚಿಸಿದರು. ಬಟ್ಟೆಗೆ ಡೀಸೆಲ್ ಹಚ್ಚಿ ಉಳಿದ ಪಿಸ್ಟನ್ನುಗಳ ಮಸಿ ಒರೆಸಿ, ಟಾರ್ಚ್ ಹಿಡಿದು ನನ್ನನ್ನು ಕರೆದರು. ಒಂದೊಂದರ ಮೇಲೂ ಅರ್ಧಚಂದ್ರದ ತೆಳು ಗುರುತು, ಎಲ್ಲದರಲ್ಲೂ ಎಕ್ಸಾಸ್ಟ್ ವಾಲ್ವ್ ಇರುವ ಕಡೆಗೇ. ವಾಲ್ವು ಬಂದು ತಟ್ಟಿದ ಗುರುತು. ಆಮೇಲೆ ಮುರಿದ ವಾಲ್ವಿನ ಕತ್ತನ್ನು ತೋರಿಸಿದರು. ಮುರಿದ ಜಾಗದಲ್ಲಿ ಎರಡು ಬಣ್ಣ. ಅರ್ಧಕ್ಕಿಂತ ಜಾಸ್ತಿ ಭಾಗ ನಯವಾಗಿ ಕಪ್ಪಾಗಿತ್ತು. ಉಳಿದದ್ದು ಹರಳು ಹರಳಾಗಿ ಹೊಳೆಯುತ್ತಿತ್ತು. ಹೊಳೆಯುವುದು ಇವತ್ತಿನದು, ಕಪ್ಪಾದದ್ದು ಹಳೇ ಬಿರುಕು.

"ಇತ್ತೀಚೆಗೆ ಘಾಟಿ ಇಳಿಸಿದ್ದು ಯಾರು?" ಎಂದು ಕೇಳಿದರು.

ಭಾವ ಸ್ವಲ್ಪ ಹೊತ್ತು ಯೋಚಿಸಿದರು. ತಿಂಗಳ ಮೊದಲಿಗೆ ಅವರಿಗೆ ಜ್ವರ. ಹಾಸನದ ಕಡೆಯಿಂದ ಲೋಡ್ ತರಲು ಬದಲಿ ಡ್ರೈವರ್ ಹೋಗಿದ್ದ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಬಂದಿದ್ದ.

ಮೇಸ್ತ್ರಿಯ ವಿವರಣೆ ಹೀಗೆ. ಇಂಜಿನ್ ಜಾಸ್ತಿ ತಿರುಗದ ಹಾಗೆ ನೋಡಿಕೊಳ್ಳುವ ಗವರ್ನರ್ ಪಂಪಿನಲ್ಲಿ ಇದೆ. ಆದರೆ ಅದರ ಕೈಯಲ್ಲಿರುವುದು ಡೀಸೆಲ್ ಮಾತ್ರ. ಇಳಿಜಾರಿನಲ್ಲಿ ಲೋಡಿನ ಭಾರವೇ ಗಾಡಿಯನ್ನು ತಳ್ಳುತ್ತದೆ, ಚಕ್ರವೇ ಇಂಜಿನನ್ನು ತಿರುಗಿಸುತ್ತದೆ. ಆಗ ಸ್ಪೀಡಿನಲ್ಲಿದ್ದು ಒಮ್ಮೆಗೇ ತೀರಾ ಸಣ್ಣ ಗೇರು ಹಾಕಿದರೆ ಡೀಸೆಲ್ ಪೂರ್ತಿ ನಿಂತರೂ ಇಂಜಿನ್ ಮಿತಿ ಮೀರಿ ತಿರುಗುತ್ತದೆ. ಆ ವೇಗದಲ್ಲಿ ವಾಲ್ವಿನ ಸ್ಪ್ರಿಂಗಿಗೆ ವಾಲ್ವನ್ನು ಸಮಯಕ್ಕೆ ಸರಿಯಾಗಿ ಮುಚ್ಚಲು ಆಗುವುದಿಲ್ಲ. ಅಷ್ಟರಲ್ಲಿ ಪಿಸ್ಟನ್ ಮೇಲೆ ಬಂದು ತಟ್ಟುತ್ತದೆ. ತಟ್ಟಿದ್ದು ಆರಕ್ಕೂ. ಬಿರುಕು ಬೆಳೆದು ಮೊದಲು ಮುರಿದದ್ದು ನಾಲ್ಕನೆಯದು.

ನನಗಂತೂ ಇದು ಬೆರಗು. ಗಾಡಿ ನಿಂತದ್ದು ಸಮುದ್ರದ ಬದಿಯ ಸಪಾಟು ರಸ್ತೆಯಲ್ಲಿ, ಕೆಟ್ಟದ್ದು ಶಿರಾಡಿಯ ಯಾವುದೋ ತಿರುವಿನಲ್ಲಿ. ಭಾವನ ತಲೆಬಿಸಿಯೇ ಬೇರೆ. "ನಾಲ್ಕನೆಯದಕ್ಕೆ ಮಾತ್ರ ಮಾಡಿದರೆ ಸಾಕಾಗುದಿಲ್ವಾ?" ಎಂದು ಕೇಳಿದರು. ಮಳೆಗಾಲದಲ್ಲಿ ಬಾಡಿಗೆ ಕಡಿಮೆ, ಕೈಯಲ್ಲಿದ್ದ ದುಡ್ಡೂ ಕಡಿಮೆ. ಮೇಸ್ತ್ರಿ ಒಪ್ಪಲಿಲ್ಲ. ತಟ್ಟಿಸಿಕೊಂಡ ವಾಲ್ವುಗಳು ನೋಡಲು ನೆಟ್ಟಗಿದ್ದರೂ ಒಳಗೆ ಹೇಗಿವೆ ಎಂದು ಹೇಳಲಾಗದು. ಆರು ಸಿಲಿಂಡರಿನ ಹನ್ನೆರಡು ವಾಲ್ವನ್ನೂ ಬದಲಿಸದಿದ್ದರೆ ತಾನು ಹೆಡ್ಡು ಕೂರಿಸುವುದೇ ಇಲ್ಲ ಎಂದರು. ದುಡ್ಡು ಮಾಡುವ ಹಟ ಅದಲ್ಲ. ನಾಲ್ಕನೆಯದು ಬಿಟ್ಟು ಉಳಿದ ಲೈನರ್, ಪಿಸ್ಟನ್ನುಗಳು ಚೆನ್ನಾಗಿವೆ, ಮುಟ್ಟುವುದು ಬೇಡ ಎಂದವರೂ ಅವರೇ.

ಹೆಡ್ಡುಗಳು ಬೈಕಂಪಾಡಿಯ ಲೇತಿಗೆ ಹೋದವು. ನಾಲ್ಕನೆಯದರ ಕನೆಕ್ಟಿಂಗ್ ರಾಡನ್ನೂ ಬಗ್ಗಿದೆಯೋ ನೋಡಲು ಕಳಿಸಿದರು. ಅದೃಷ್ಟಕ್ಕೆ ನೆಟ್ಟಗಿತ್ತು. ಕಾಯುವುದು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ.

ಹಾಗಾಗಿ ಊರು ನೋಡಿದೆ. ಪಡುಬಿದ್ರಿಯ ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿದೆ. ಸ್ವಚ್ಛವಾಗಿದೆ, ನಿಜ. ನನಗೆ ಹಿಡಿಸಿದ್ದು ಹೊಳೆ ಬಂದು ಸಮುದ್ರ ಸೇರುವ ಕಡೆ. ನಂದಿಕೂರಿನ ಕಡೆ ನೋಡಿದರೆ 1200 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ. ಇನ್ನೊಂದು ದಿನ ಬಸ್ಸಿನಲ್ಲಿ ಕಾಪುವಿಗೆ ಹೋದೆ. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು, 27 ಮೀಟರ್ ಎತ್ತರ. ಮೇಲಿನಿಂದ ನೋಡಿದರೆ ತೆಂಗಿನ ತೋಟವೋ ತೋಟ. ಸಮುದ್ರದಲ್ಲಿ ಬೋಟುಗಳು ಜಾಸ್ತಿ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಅಷ್ಟರೊಳಗೆ ದಡ ಸೇರುವವರು ಸೇರುತ್ತಿದ್ದರು. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ತೂಕ ಹೆಚ್ಚಿದ್ದು ಗ್ಯಾರಂಟಿ.

ಪಾರ್ಟ್ಸ್ ಬಂದದ್ದು ಬಸ್ಸಿನಲ್ಲಿ. ಮಂಗಳೂರಿನ ಅಂಗಡಿಯವರು ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಉಡುಪಿ ಎಕ್ಸ್‌ಪ್ರೆಸ್ ಬಸ್ಸಿಗೆ ಹಾಕಿ ಬಸ್ಸಿನ ಹೆಸರು, ಟೈಮು ಫೋನಿನಲ್ಲಿ ಹೇಳಿದರು. ಪಡುಬಿದ್ರಿಯಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರ್ ಪೆಟ್ಟಿಗೆ ನನ್ನ ಕೈಗೆ ಕೊಟ್ಟು ರೈಟ್ ಎಂದಾಗಿತ್ತು.

ಜೋಡಿಸುವ ಮೊದಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ತೊಳೆಯುವ ಕೆಲಸ. ಇಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಇಳಿಸಿದಾಗ ಆಯಿಲ್‌ನಲ್ಲಿ ಅಲ್ಯೂಮಿನಿಯಂ ಮಿನುಗುತ್ತಿತ್ತು. ಆಯಿಲ್ ಹೋಗುವ ದಾರಿಯೆಲ್ಲ ಗಾಳಿ ಹೊಡೆದು ತೊಳೆದರು. ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿನೊಳಗೂ ಚೂರುಗಳು ಸಿಕ್ಕವು. ವಾಲ್ವು ಮುರಿದಾಗ ಚೂರು ಹಿಂದಕ್ಕೂ ಎಸೆಯುತ್ತದೆ, ಒಂದು ಉಳಿದರೂ ಇನ್ನೊಂದು ಸಿಲಿಂಡರಿಗೆ ಹೋಗುತ್ತದೆ. ಹೊಸ ಲೈನರಿನ ರಬ್ಬರ್ ರಿಂಗಿಗೆ ಸೋಪು ನೀರು ಹಚ್ಚಿ ಇಳಿಸಿದರು. ಪಿಸ್ಟನ್ ರಿಂಗುಗಳ ಬಾಯಿ ಒಂದರ ಕೆಳಗೆ ಒಂದು ಬರದ ಹಾಗೆ ತಿರುಗಿಸಿಟ್ಟರು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗಡೆಗೆ, ಒಂದೇ ಸಲಕ್ಕೆ ಅಲ್ಲ, ಸುತ್ತು ಸುತ್ತಾಗಿ ಬಿಗಿ ಮಾಡಿದರು. ಟ್ಯಾಪೆಟ್ ಸೆಟ್ ಮಾಡುವಾಗ, ಅಂದರೆ ವಾಲ್ವಿನ ಸಂದು ಸರಿಹೊಂದಿಸುವಾಗ, ಮಾತ್ರ ರೇಡಿಯೊ ಆಫ್.

ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಬಿಡದೆ ಸುಮ್ನೆ ಸೆಲ್ಫ್ ಹೊಡೆಸಿದರು, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ. ಆಮೇಲೆ ಡೀಸೆಲ್ ಪೈಪಿನ ಏರ್ ತೆಗೆದು ಸ್ಟಾರ್ಟ್. ಬಿಳಿ ಹೊಗೆ ಗ್ಯಾರೇಜು ತುಂಬಿ, ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಮೇಸ್ತ್ರಿಯೇ ಸ್ಟೇರಿಂಗ್ ಹಿಡಿದು ಕಾರ್ಕಳ ರಸ್ತೆಯಲ್ಲಿ ಬೆಳ್ಮಣ್‌ವರೆಗೆ ಓಡಿಸಿದರು. ಅಲ್ಲಿ ಇಳಿದು ಮುಚ್ಚಳ ತೆಗೆದು, ಎರಡನೇ ಸಿಲಿಂಡರಿನ ಒಂದು ಟ್ಯಾಪೆಟ್ ಸದ್ದು ಮಾಡುತ್ತಿದೆ ಎಂದು ತಣಿಯುವವರೆಗೆ ಕಾದು ಸರಿಮಾಡಿದರು. ನನ್ನ ಕಿವಿಗೆ ಎಂತ ಸದ್ದೂ ಕೇಳಿರಲಿಲ್ಲ.

ಬಿಲ್ಲಿನಲ್ಲಿ ಅರ್ಧ ಆಗ ಕೊಟ್ಟು, ಉಳಿದದ್ದಕ್ಕೆ ಮಳೆಗಾಲ ಮುಗಿಯುವವರೆಗೆ ಸಮಯ ಕೇಳಿದರು ಭಾವ. ಮೇಸ್ತ್ರಿ ಹೂಂ ಎಂದು, ಮೊದಲ ಕೆಲವು ದಿನ ಪೂರ್ತಿ ಲೋಡ್ ಬೇಡ, ಆಯಿಲ್ ಬೇಗ ಬದಲಿಸಿ ಎಂದರು. ಬದಲಿ ಡ್ರೈವರಿಗೆ ಫೋನ್ ಮಾಡಿ ಬೈಯುತ್ತಾರೋ ಎಂದು ನಾನು ಕಾಯುತ್ತಿದ್ದೆ. ಫೋನ್ ಮಾಡಿದ್ದು ಹೌದು. ಬೈಯಲಿಲ್ಲ. ಮುಂದಿನ ಸಲ ತನ್ನ ಜೊತೆ ಶಿರಾಡಿಗೆ ಬರಬೇಕು, ಮಾರನಹಳ್ಳಿಯಿಂದ ಕೆಳಗೆ ತಾನು ಪಕ್ಕದಲ್ಲಿ ಕೂರುತ್ತೇನೆ ಎಂದರು. ಆಮೇಲೆ ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಖಾಲಿ ಲಾರಿ ತಿರುಗಿಸಿಕೊಂಡು ಅರ್ಧ ಲೋಡಿನ ಬಾಡಿಗೆ ಹುಡುಕಲು ಬೈಕಂಪಾಡಿಗೆ ಹೋದರು. ನಾನು ಕುಂದಾಪುರದ ಬಸ್ ಹತ್ತಿದೆ. ಕುಮಟಾದವರೆಗಿನ ದಾರಿ ಇನ್ನೂ ಬಾಕಿ ಇತ್ತು.